ಬೇಸಿಗೆಯಲ್ಲಿ ಕೆರಳುವ ಹಳೆಯ ಆಘಾತ: ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮುಟ್ಟಬಾರದು

ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಹೊಡೆತ, ಲೈಂಗಿಕ ಕಿರುಕುಳ, ಮನೆಯಲ್ಲಿ ದಿನಾ ಕುಡಿತದ ಗಲಾಟೆ. ಅಥವಾ ಮದುವೆಯಾದ ಮೇಲೆ ನಿತ್ಯದ ಹಿಂಸೆ. ಒಂದು ಸಲ ಆಗಿ ಮುಗಿಯದೆ ಮತ್ತೆ ಮತ್ತೆ ಆಗಿ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಾಗ ಉಳಿಯುವ ಗಾಯಕ್ಕೆ ಕಾಂಪ್ಲೆಕ್ಸ್ ಟ್ರಾಮಾ ಎನ್ನುತ್ತಾರೆ. ಅದನ್ನು ಒಳಗೇ ಇಟ್ಟುಕೊಂಡು ನೌಕರಿ, ಸಂಸಾರ ನಡೆಸುವ ಎಷ್ಟೋ ಜನರಿಗೆ ಏಪ್ರಿಲ್ ಬಂತೆಂದರೆ ಹಿಡಿತ ತಪ್ಪುತ್ತದೆ. ಸೆಕೆ, ನಿದ್ದೆ ಇಲ್ಲದ ರಾತ್ರಿ, ಶಾಲೆಗೆ ರಜೆ, ಮದುವೆ ಮೇಲೆ ಮದುವೆ, ಊರಿಗೆ ಹೋಗಲೇಬೇಕೆಂಬ ಒತ್ತಾಯ. ಎಲ್ಲವೂ ಒಟ್ಟಿಗೇ ಬರುತ್ತವೆ.

ಇದನ್ನು ನಿಭಾಯಿಸಲು ಹೋಗಿ ಸೋತವರು ಸಾಮಾನ್ಯವಾಗಿ ತಪ್ಪು ತುದಿಯಿಂದ ಶುರು ಮಾಡಿರುತ್ತಾರೆ. ಕಲ್ಯಾಣ ಮಂಟಪದ ಮಧ್ಯೆ ಕೈಕಾಲು ನಡುಗುವಾಗ ಮೊದಲ ಸಲ ಉಸಿರಾಟದ ಅಭ್ಯಾಸ ಮಾಡಲು ನೋಡುತ್ತಾರೆ. ಇಲ್ಲವೇ ನಿದ್ದೆ ಬಾರದ ರಾತ್ರಿ ಒಬ್ಬರೇ ಕೂತು ಹಳೆಯದನ್ನೆಲ್ಲ ಬರೆಯಲು ಹೊರಡುತ್ತಾರೆ. ಮೊದಲು ಮೈ, ಆಮೇಲೆ ನಿದ್ದೆ, ಅದಾದ ಮೇಲೆ ಜನ. ಈ ಕ್ರಮ ಬಿಡಬೇಡಿ. ನೆನಪನ್ನು ಬಗೆಯುವ ಕೆಲಸವನ್ನು ಮನೆಯಲ್ಲಿ ಒಬ್ಬರೇ ಮಾಡಬೇಡಿ. ಅದನ್ನು ಚಿಕಿತ್ಸಕರ ಎದುರಿಗೆ, ಸಮಯ ನೋಡಿಕೊಂಡು ಮಾಡಬೇಕು.

## ಶುರು ಮಾಡುವ ಮುಂಚೆ ಬೇಕಾದ ಸಾಮಾನು

ಯಾವುದೂ ದುಬಾರಿಯಲ್ಲ. ಜ್ವರ ನೋಡುವ ಥರ್ಮಾಮೀಟರ್, ನಾಲ್ಕೈದು ಓಆರ್‌ಎಸ್ ಪ್ಯಾಕೆಟ್, ಒಂದು ಲೀಟರ್ ನೀರಿನ ಬಾಟಲಿ, ತೆಳುವಾದ ಹತ್ತಿ ಟವೆಲ್, ಕರೆಂಟ್ ಹೋದಾಗ ತಾನಾಗಿಯೇ ಉರಿಯುವ ರೀಚಾರ್ಜೆಬಲ್ ಬಲ್ಬ್, ಒಂದು ಚಿಕ್ಕ ನೋಟ್‌ಬುಕ್. ನೀವು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯ ಫೋಟೋ ಮೊಬೈಲ್‌ನಲ್ಲಿರಲಿ.

ಫೋನಿನಲ್ಲಿ ಈ ನಂಬರ್‌ಗಳನ್ನು ಈಗಲೇ ಸೇವ್ ಮಾಡಿಕೊಳ್ಳಿ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಆಂಬುಲೆನ್ಸ್ 108, ತುರ್ತು ಸಹಾಯ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಇವುಗಳ ಜೊತೆಗೆ ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಎತ್ತುವ ಒಬ್ಬ ಗೆಳತಿ ಅಥವಾ ಗೆಳೆಯನ ನಂಬರ್. ಅವರನ್ನು ಮೊದಲೇ ಕೇಳಿಟ್ಟುಕೊಳ್ಳಿ: "ಮೇ ತಿಂಗಳಲ್ಲಿ ನಾನು ಯಾವಾಗಲಾದರೂ ಫೋನ್ ಮಾಡಬಹುದು. ಬುದ್ಧಿ ಹೇಳೋದು ಬೇಡ, ಜೊತೆಗೆ ಮಾತಾಡ್ತಾ ಇರಿ ಸಾಕು."

## ಹಂತ 1: ಸೆಕೆಯೋ ಹೆದರಿಕೆಯೋ, ಮೊದಲು ಪತ್ತೆ ಮಾಡಿ

ತುಂಬಾ ಜನ ಎಡವುವುದು ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಸೆಕೆಗೆ ಮೈ ತಣಿಸಲು ಹೃದಯ ಜೋರಾಗಿ ಬಡಿಯುತ್ತದೆ, ಬೆವರುತ್ತದೆ. ನೀರು ಕಮ್ಮಿಯಾದರೆ ತಲೆ ಸುತ್ತುತ್ತದೆ, ಸಿಡುಕು ಬರುತ್ತದೆ. ಹೆದರಿಕೆಯಾದಾಗ ಆಗುವುದೂ ಇದೇ ಅಲ್ವಾ? ಹಳೆಯ ಆಘಾತ ಇರುವವರ ಮಿದುಳು ಅಪಾಯದ ಸುಳಿವು ಹುಡುಕುತ್ತಲೇ ಇರುತ್ತದೆ. ಎದೆ ಡವಗುಟ್ಟಿದ ತಕ್ಷಣ "ಏನೋ ಆಗಲಿದೆ" ಎಂದು ತೀರ್ಮಾನಿಸುತ್ತದೆ. ಆ ತೀರ್ಮಾನಕ್ಕೆ ಎದೆ ಇನ್ನೂ ಜೋರಾಗುತ್ತದೆ.

ಇದರ ಉಲ್ಟಾ ಇನ್ನೂ ಅಪಾಯ. ನಿಜವಾಗಿಯೂ ಬಿಸಿಲು ಬಡಿದಿರುತ್ತದೆ. "ನಂಗೆ ಯಾವಾಗಲೂ ಹೀಗೇ, ಮನಸ್ಸಿನ ಕಾಯಿಲೆ" ಎಂದುಕೊಂಡು ಸುಮ್ನೆ ಮೂಲೆಯಲ್ಲಿ ಕೂತುಬಿಡುತ್ತಾರೆ.

ಆದ್ದರಿಂದ ಎದೆ ಬಡಿತ ಶುರುವಾದಾಗ ಮನಸ್ಸನ್ನು ವಿಚಾರಿಸುವ ಮುಂಚೆ ಮೈಯನ್ನು ತಣಿಸಿ. ಹೀಗೆ ಮಾಡಿ:

1. ನೆರಳಿಗೆ ಅಥವಾ ಗಾಳಿಯಾಡುವ ಜಾಗಕ್ಕೆ ಬಂದು ಕೂತುಕೊಳ್ಳಿ. ತಲೆ ಸುತ್ತಿದರೆ ಮಲಗಿ, ಕಾಲು ಸ್ವಲ್ಪ ಎತ್ತರದಲ್ಲಿಡಿ.
2. ಟವೆಲ್ ಒದ್ದೆ ಮಾಡಿ ಕತ್ತಿನ ಹಿಂದೆ, ಮುಖಕ್ಕೆ, ಮುಂಗೈಗೆ ಇಟ್ಟುಕೊಳ್ಳಿ. ಫ್ಯಾನ್ ಹಾಕಿ. ಕಲಬುರಗಿ, ರಾಯಚೂರಿನ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಬರೀ ಫ್ಯಾನ್ ಗಾಳಿ ಸಾಲದು, ಚರ್ಮ ಒದ್ದೆ ಇರಬೇಕು. ಕರಾವಳಿಯ ಜಿಗುಟು ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಹಾಗಾಗಿ ಅಲ್ಲಿ ಗಾಳಿ ಮುಖ್ಯ.
3. ಗುಟುಕು ಗುಟುಕಾಗಿ ನೀರು ಅಥವಾ ಓಆರ್‌ಎಸ್ ಕುಡಿಯಿರಿ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.
4. ಥರ್ಮಾಮೀಟರ್ ಇಟ್ಟು ನೋಡಿ.
5. ಅರ್ಧ ಗಂಟೆ ಕಾಯಿರಿ. ತಣಿದ ಹಾಗೆ ಎದೆ ಬಡಿತವೂ ಇಳಿದರೆ ಅದು ಮುಖ್ಯವಾಗಿ ಸೆಕೆಯೇ. ಮೈ ತಣ್ಣಗಾದರೂ ಹೆದರಿಕೆ ಹಾಗೇ ಇದ್ದರೆ ಹಂತ 6ಕ್ಕೆ ಹೋಗಿ.

ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ಮುಟ್ಟಿದರೆ, ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅರ್ಧ ಗಂಟೆ ಕಾಯಬೇಡಿ. ತಕ್ಷಣ 108. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಸುತ್ತಲಿದ್ದವರು "ಅವಳಿಗೆ ಆಗಾಗ ಹೀಗಾಗುತ್ತೆ" ಎಂದು ತಡೆದರೂ ಕೇಳಬೇಡಿ.

ಇನ್ನೆರಡು ಮಾತು. ವರ್ಷಗಟ್ಟಲೆ ಮೈಯ ಮಾತನ್ನು ಅದುಮಿಟ್ಟು ಬದುಕಿದವರಿಗೆ ಬಾಯಾರಿಕೆ, ಹಸಿವು ಸರಿಯಾಗಿ ಗೊತ್ತೇ ಆಗುವುದಿಲ್ಲ. ಬಾಯಾರಲಿ ಎಂದು ಕಾಯಬೇಡಿ, ಗಂಟೆ ನೋಡಿ ಕುಡಿಯಿರಿ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿ. ಊರಿಗೆ ಹೋಗುವಾಗ ದಾರಿಯಲ್ಲಿ ನಂಬಿಕೆಯ ಶೌಚಾಲಯ ಸಿಗದು ಎಂದು ಬೆಳಿಗ್ಗೆಯಿಂದ ನೀರೇ ಮುಟ್ಟದ ಹೆಂಗಸರು ಬಹಳ. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ವಿಚಾರಿಸಿ, ಅದಕ್ಕೆ ತಕ್ಕಂತೆ ಕುಡಿಯಿರಿ.

ಸೆಕೆಗೆ ದಿನಕ್ಕೆರಡು ಸಲ ಸ್ನಾನ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಬಚ್ಚಲು ಮನೆಯೇ ಕೆಟ್ಟ ನೆನಪಿನ ಜಾಗವಾಗಿರುವವರಿಗೆ ಅದು ಸುಲಭವಲ್ಲ. ಅಂಥವರು ಬಟ್ಟೆ ಬದಲಿಸದೆಯೇ ಬಕೆಟ್ ನೀರಿನಲ್ಲಿ ಕಾಲು ಇಟ್ಟುಕೊಂಡು ಕೂರಬಹುದು, ಒದ್ದೆ ಟವೆಲ್ ಹೊದೆಯಬಹುದು. ಗಾಯದ ಗುರುತು ಮುಚ್ಚಲು ತುಂಬು ತೋಳೇ ಬೇಕೆನಿಸಿದರೆ ಹಾಕಿಕೊಳ್ಳಿ. ಸಿಂಥೆಟಿಕ್ ಬಿಟ್ಟು ಸಡಿಲವಾದ ತೆಳು ಹತ್ತಿ ಆರಿಸಿಕೊಂಡರೆ ಸಾಕು.

## ಹಂತ 2: ಮಾತ್ರೆಗಳ ವಿಷಯ ಮಾರ್ಚ್‌ನಲ್ಲೇ ಕೇಳಿ

ಕೆಲವು ಮಾತ್ರೆಗಳು ಸೆಕೆ ತಡೆಯುವ ಶಕ್ತಿ ಕಮ್ಮಿ ಮಾಡುತ್ತವೆ. ಅಮಿಟ್ರಿಪ್ಟಿಲಿನ್ ಥರದವು ಬೆವರುವುದನ್ನು ತಗ್ಗಿಸಬಹುದು. ಓಲಾಂಜಪಿನ್, ರಿಸ್ಪೆರಿಡೋನ್ ಥರದವು ಮೈ ತಣಿಸಿಕೊಳ್ಳುವ ವ್ಯವಸ್ಥೆಯನ್ನೇ ಏರುಪೇರು ಮಾಡಬಹುದು. ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಕೆಲವರಿಗೆ ಬೆವರು ಜಾಸ್ತಿ ಮಾಡುತ್ತವೆ.

ಲಿಥಿಯಂ ತೆಗೆದುಕೊಳ್ಳುವವರು ಎಲ್ಲರಿಗಿಂತ ಜಾಗ್ರತೆ ಇರಬೇಕು. ಮೈಯಲ್ಲಿ ನೀರು ಕಮ್ಮಿಯಾದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡೆಯುವಾಗ ತೂರಾಡುವುದು, ಮಾತು ತೊದಲುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಲಿಥಿಯಂ ತೆಗೆದುಕೊಳ್ಳುವಾಗ ಉಪವಾಸ ಮಾಡುವ, ಉಪ್ಪು ಬಿಡುವ ಯೋಚನೆ ಇದ್ದರೆ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಇದನ್ನೆಲ್ಲ ಓದಿ ಹೆದರಿ ಮಾತ್ರೆ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ಆಗುವ ತೊಂದರೆಯೇ ದೊಡ್ಡದು. ಮಾತ್ರೆಯನ್ನು ಸ್ಕೂಟರ್ ಡಿಕ್ಕಿಯಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ. ಊರಿಗೆ ಹೋಗುವಾಗ ಒಂದು ವಾರದ್ದು ಹೆಚ್ಚಿಗೆ ಇರಲಿ. ನಿಮ್ಮ ಚಿಕಿತ್ಸಕರು ಮೇ ತಿಂಗಳಲ್ಲಿ ರಜೆಯೇ ಎಂದೂ ಆಗಲೇ ಕೇಳಿಕೊಳ್ಳಿ.

## ಹಂತ 3: ರಾತ್ರಿಯ ಜಾಗ ಸರಿ ಮಾಡಿ

ಭಯ ಇರುವವರು ಕಿಟಕಿ, ಬಾಗಿಲು ಎಲ್ಲ ಭದ್ರಪಡಿಸಿ ಮಲಗುತ್ತಾರೆ. ಮಳೆಗಾಲದಲ್ಲಿ ಅದು ನಡೆಯುತ್ತದೆ. ಏಪ್ರಿಲ್‌ನಲ್ಲಿ ಆ ಕೋಣೆಯಲ್ಲಿ ಮೈ ಬೆವರಿ, ಎರಡು ಗಂಟೆಗೆ ಎಚ್ಚರವಾಗಿ, ಎದೆ ಬಡಿತ ಕೇಳಿಸಿ, ಕೆಟ್ಟ ಕನಸೋ ನಿಜವೋ ತಿಳಿಯದೆ ಬೆಳಗು ಮಾಡಬೇಕಾಗುತ್ತದೆ. "ಕಿಟಕಿ ತೆಗೆದು ಮಲಗು, ಏನಾಗಲ್ಲ" ಎನ್ನುವ ಸಲಹೆಯಿಂದ ಪ್ರಯೋಜನವಿಲ್ಲ. ಗಾಳಿ ಬರಬೇಕು, ಭದ್ರತೆಯೂ ಉಳಿಯಬೇಕು.

ಕಿಟಕಿಗೆ ಸರಳು ಮತ್ತು ಸೊಳ್ಳೆ ಜಾಲರಿ ಇದ್ದರೆ ಬರೀ ಮೇಲಿನ ಅರ್ಧ ತೆಗೆಯಿರಿ. ಬಾಗಿಲಿಗೆ ಒಳಗಿನಿಂದ ಹಾಕುವ ಗಟ್ಟಿ ಚಿಲಕ ಇರಲಿ. ಮಂಚವನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿ. ಬಾಗಿಲು ಬೆನ್ನಿಗಿದ್ದರೆ ಎಷ್ಟೋ ಜನರಿಗೆ ಕಣ್ಣು ಮುಚ್ಚಲಾಗುವುದಿಲ್ಲ. ಟೇಬಲ್ ಫ್ಯಾನ್ ಮುಂದೆ ಒದ್ದೆ ಬಟ್ಟೆ ಕಟ್ಟುವುದು ಬಯಲುಸೀಮೆಯ ಒಣ ಸೆಕೆಗೆ ಚೆನ್ನಾಗಿ ಆಗುತ್ತದೆ, ಮಂಗಳೂರು ಕಡೆ ಉಪಯೋಗವಿಲ್ಲ.

ಕರೆಂಟ್ ಹೋಗುವ ಆ ಕ್ಷಣಕ್ಕೆ ತಯಾರಾಗಿರಿ. ಫ್ಯಾನಿನ ಸದ್ದು ನಿಲ್ಲುತ್ತದೆ, ಕತ್ತಲಾಗುತ್ತದೆ, ಬೆವರು ಶುರುವಾಗುತ್ತದೆ. ಮೂರೂ ಒಂದೇ ಸಲಕ್ಕೆ. ತಾನಾಗಿಯೇ ಉರಿಯುವ ಬಲ್ಬ್ ಇಟ್ಟುಕೊಳ್ಳಿ ಎಂದಿದ್ದು ಇದಕ್ಕೇ. ಮುಂಗಾರು ಪೂರ್ವ ಮಳೆಯ ಗುಡುಗಿಗೆ, ಗಾಳಿಗೆ ಧಡ್ ಎಂದು ಬಡಿಯುವ ಬಾಗಿಲಿಗೆ ಬೆಚ್ಚಿ ಬೀಳುವವರು ಸಂಜೆಯೇ ಬಾಗಿಲುಗಳಿಗೆ ಕಲ್ಲೋ ಮರದ ತುಂಡೋ ಒತ್ತಿಡಿ. ದಾಮಿನಿ ಆ್ಯಪ್ ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ. ಬರುವುದು ಗೊತ್ತಿದ್ದರೆ ಬೆಚ್ಚುವುದು ಸ್ವಲ್ಪ ಕಮ್ಮಿ.

ದಿಂಬಿನ ಪಕ್ಕ ಒಂದು ಚೀಟಿ ಇಡಿ. ಅದರಲ್ಲಿ ನಿಮ್ಮದೇ ಅಕ್ಷರದಲ್ಲಿ: "ನನಗೀಗ ಇಷ್ಟು ವಯಸ್ಸು. ಈ ಮನೆ ನನ್ನದು. ಚಿಲಕ ಹಾಕಿದ್ದು ನಾನೇ. ಅವನು ಇಲ್ಲಿಲ್ಲ." ಕನಸಿನಿಂದ ಎದ್ದ ತಕ್ಷಣ ದೀಪ ಹಾಕಿ, ಎದ್ದು ಕೂತು, ಪಾದವನ್ನು ತಣ್ಣನೆಯ ನೆಲಕ್ಕೆ ಊರಿ ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಅಷ್ಟು ಕೆಲಸ ಮಾಡುವುದಿಲ್ಲ.

ನಿದ್ದೆಗೆಂದು ಬಿಯರ್ ಬೇಡ. ಬೇಗ ನಿದ್ದೆ ಹತ್ತಿದರೂ ನಡುರಾತ್ರಿ ಎಬ್ಬಿಸುತ್ತದೆ, ಮೈಯ ನೀರನ್ನೂ ಕಳೆಯುತ್ತದೆ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟರೆ ಎದೆ ಬಡಿತ ಅಷ್ಟರ ಮಟ್ಟಿಗೆ ಸುಮ್ಮನಾಗುತ್ತದೆ.

## ಹಂತ 4: ನಿಮ್ಮ ಬೇಸಿಗೆಯ ಟ್ರಿಗರ್‌ಗಳನ್ನು ಗುರುತು ಹಾಕಿ

ನೋಟ್‌ಬುಕ್ ತೆಗೆಯುವುದು ಈಗ. ಹಳೆಯ ಹೆದರಿಕೆಯನ್ನು ಕೆರಳಿಸುವ ಸಂಗತಿಗಳೇ ಟ್ರಿಗರ್. ಒಂದೊಂದು ಸಾಲಿನಲ್ಲಿ ಬರೀ ಅವುಗಳ ಹೆಸರು ಬರೆಯಿರಿ: ಹಲಸಿನ ಹಣ್ಣಿನ ವಾಸನೆ, ಅಟ್ಟ, ಮಧ್ಯಾಹ್ನ ಎಲ್ಲರೂ ಮಲಗಿದಾಗಿನ ಮೌನ, ಜಾತ್ರೆಯ ಪಟಾಕಿ, ರಿಸಲ್ಟ್ ಬರುವ ದಿನ. ಪಕ್ಕದಲ್ಲಿ, ಅದು ತಪ್ಪಿಸಬಹುದೇ, ತಡೆದುಕೊಳ್ಳಬಹುದೇ ಎಂದು ಒಂದು ಗುರುತು. ಅಲ್ಲಿಗೆ ನಿಲ್ಲಿಸಿ. ಘಟನೆಯ ವಿವರಕ್ಕೆ ಇಳಿಯಬೇಡಿ. ಬರೆಯುತ್ತ ಕೈ ಮರಗಟ್ಟಿದರೆ, ಎಷ್ಟು ಹೊತ್ತಾಯಿತೆಂದು ಮರೆತುಹೋದರೆ, ಪುಸ್ತಕ ಮುಚ್ಚಿ ಎದ್ದುಬಿಡಿ.

ರಜೆಯಲ್ಲಿ ಹತ್ತು ದಿನದ ಮೌನ ಧ್ಯಾನದ ಶಿಬಿರಕ್ಕೆ ಹೋಗಿ ಬಾ ಎಂದು ಪ್ರೀತಿಯಿಂದ ಹೇಳುವವರಿರುತ್ತಾರೆ. ಇಂಥ ಗಾಯ ಇರುವವರಿಗೆ ಗಂಟೆಗಟ್ಟಲೆ ಕಣ್ಣು ಮುಚ್ಚಿ ಮೌನವಾಗಿ ಕೂರುವುದು ನೆನಪುಗಳನ್ನು ಒಮ್ಮೆಗೇ ಮೇಲೆಬ್ಬಿಸಬಹುದು. ಚಿಕಿತ್ಸಕರನ್ನು ಕೇಳದೆ ಹೆಸರು ನೋಂದಾಯಿಸಬೇಡಿ.

## ಹಂತ 5: ಮದುವೆ, ಜಾತ್ರೆ, ಅಜ್ಜಿ ಮನೆ

ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ. ನನಗೆ ಕೆಡುಕು ಮಾಡಿದ ವ್ಯಕ್ತಿ ಅಲ್ಲಿರುತ್ತಾನಾ? ಹೌದಾದರೆ ಹೋಗದೇ ಇರುವುದು ಪೂರ್ತಿ ಸರಿಯಾದ ತೀರ್ಮಾನ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಕಾರಣ ಬಿಡಿಸಿ ಹೇಳಬೇಕಿಲ್ಲ.

ಹೋಗುವುದೇ ಆದರೆ ಮೂರು ವಿಷಯ ಹೊರಡುವ ಮುಂಚೆ ಗಟ್ಟಿ ಮಾಡಿಕೊಳ್ಳಿ: ಎಷ್ಟು ಹೊತ್ತು, ಎಲ್ಲಿ ಮಲಗುವುದು, ವಾಪಸ್ ಹೇಗೆ. ವಾಪಸ್ ಬರುವ ಗಾಡಿ ಬೇರೆಯವರ ಕೈಯಲ್ಲಿದ್ದರೆ ನೀವು ಸಿಕ್ಕಿಹಾಕಿಕೊಂಡ ಹಾಗೆ. ಕೊನೆಯ ಬಸ್ಸಿನ ಸಮಯ ತಿಳಿದಿರಲಿ, ಟಿಕೆಟ್ ಮೊದಲೇ ಬುಕ್ ಆಗಿರಲಿ.

ಮಲಗುವ ಜಾಗದ ಬಗ್ಗೆ ನಾಚಿಕೆ ಬಿಟ್ಟು ಮಾತಾಡಿ. ನಡುಮನೆಯಲ್ಲಿ, ತಾರಸಿಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುವುದು ಎಲ್ಲರಿಗೂ ಸಿಹಿ ನೆನಪಲ್ಲ. ಎಷ್ಟೋ ಮಕ್ಕಳಿಗೆ ಕಿರುಕುಳ ಆಗಿದ್ದೇ ಆ ಸಾಲಿನಲ್ಲಿ. ತಾಲೂಕು ಊರಿನ ಲಾಡ್ಜ್‌ನಲ್ಲಿ ಒಂದು ರೂಮು ಹಿಡಿಯುವುದು, ಇಲ್ಲವೇ ಬೆಳಿಗ್ಗೆ ಹೋಗಿ ಮುಹೂರ್ತ, ಊಟ ಮುಗಿಸಿ ಹೊರಡುವುದು ಒಳ್ಳೆಯದು.

ಮಾತುಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಆ ಹೊತ್ತಿಗೆ ಹೊಳೆಯುವುದಿಲ್ಲ.

"ಇಲ್ಲ ಅತ್ತೆ, ಮುಹೂರ್ತಕ್ಕೆ ಬರ್ತೀನಿ. ಊಟ ಮಾಡಿ ಮೂರು ಗಂಟೆ ಬಸ್ಸಿಗೆ ಹೊರಡ್ತೀನಿ, ಟಿಕೆಟ್ ಆಗಿದೆ."

"ದೊಡ್ಡಮ್ಮ, ಆ ವಿಷಯ ಇವತ್ತು ಬೇಡ." ಇಷ್ಟೇ ಹೇಳಿ ನೀರು ತರುವ ನೆಪದಲ್ಲಿ ಎದ್ದು ಹೋಗಿ.

"ಎಷ್ಟು ವರ್ಷ ಆಯ್ತು, ಇನ್ನೂ ಹಿಡ್ಕೊಂಡಿದ್ದೀಯಾ? ಕಾಲಿಗೆ ಬಿದ್ದು ಆಶೀರ್ವಾದ ತಗೋ" ಎಂದು ಅದೇ ವ್ಯಕ್ತಿಯ ಮುಂದೆ ನಿಲ್ಲಿಸಿದರೆ, ಮಾಡಲೇಬೇಕಿಲ್ಲ. "ಬಂದೆ, ಫೋನ್ ಬಂತು" ಎಂದು ಹೊರಗೆ ನಡೆಯಿರಿ. ಮಂಟಪದಲ್ಲೇ ಎಲ್ಲರೆದುರು ಹಳೆಯ ಸತ್ಯ ಬಿಚ್ಚಿಡಬೇಕೆಂದು ಸಿಟ್ಟಿನಲ್ಲಿ ಅನಿಸಬಹುದು. ಆ ಸಿಟ್ಟು ನ್ಯಾಯವೇ. ಆದರೆ ನಿಮ್ಮ ಬೆಂಬಲಕ್ಕೆ ಯಾರೂ ಇಲ್ಲದ ಜಾಗದಲ್ಲಿ ಹೇಳಿದರೆ, ನಂಬದ ಜನರ ಮಾತು ಕೇಳಿ ಗಾಯ ಇನ್ನಷ್ಟು ಆಳವಾಗುತ್ತದೆ. ಅದಕ್ಕೆ ಬೇರೆ ದಿನ, ಬೇರೆ ಜಾಗ ಆರಿಸಿಕೊಳ್ಳಿ.

ಬಂದ ಮರುದಿನ ರಜೆ ಇಟ್ಟುಕೊಳ್ಳಿ. ಅಲ್ಲಿ ಗಟ್ಟಿಯಾಗಿದ್ದು, ಮನೆಗೆ ಬಂದ ಮೇಲೆ ಕುಸಿಯುವವರೇ ಜಾಸ್ತಿ.

## ಹಂತ 6: ಫ್ಲ್ಯಾಶ್‌ಬ್ಯಾಕ್ (ಹಳೆಯದು ಈಗಲೇ ಆಗುತ್ತಿದೆ ಎನಿಸುವುದು) ಬಂದೇ ಬಿಟ್ಟರೆ

1. ಕಣ್ಣು ತೆರೆದಿರಲಿ. ಕಣ್ಣು ಮುಚ್ಚಿದರೆ ನೆನಪಿನೊಳಗೇ ಜಾರುತ್ತೀರಿ.
2. ಪಾದ ನೆಲಕ್ಕೆ ಒತ್ತಿ. ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಿ: ಉಕ್ಕಿನ ಕುರ್ಚಿ, ಬಾಳೆಕಂಬ, ನೀಲಿ ಸೀರೆ, ಡ್ರಮ್ಮು, ಗಡಿಯಾರ. ಆಗ ಇಲ್ಲದೆ ಈಗ ಇರುವ ಒಂದು ವಸ್ತುವನ್ನು ಸೇರಿಸಿ. ನಿಮ್ಮ ಮೊಬೈಲ್, ಆಫೀಸಿನ ಐಡಿ ಕಾರ್ಡ್, ನಿಮ್ಮ ಮನೆ ಕೀ.
3. ಮುಖಕ್ಕೆ ತಣ್ಣೀರು ಹಾಕಿ. ಹೃದಯದ ಬಡಿತ ನಿಧಾನವಾಗಲು ಅದು ನೆರವಾಗುತ್ತದೆ. ಹೃದಯದ ಕಾಯಿಲೆ ಇರುವವರು ಐಸ್ ನೀರು ಬಳಸಬೇಡಿ.
4. ಆಮೇಲೆ ಉಸಿರು. ನಾಲ್ಕು ಎಣಿಸುತ್ತ ಎಳೆದು, ಆರು ಎಣಿಸುತ್ತ ಬಿಡಿ. ದೊಡ್ಡ ದೊಡ್ಡ ಉಸಿರನ್ನು ಬೇಗ ಬೇಗ ಎಳೆದರೆ ತಲೆ ತಿರುಗಿ, ಬೆರಳು ಜುಮುಗುಟ್ಟಿ, ಹೆದರಿಕೆ ಏರುತ್ತದೆ.
5. ಮುಗಿದ ಮೇಲೆ ಏನಾದರೂ ತಿನ್ನಿ, ನೀರು ಕುಡಿಯಿರಿ, ಗೆಳತಿಗೆ ಫೋನ್ ಮಾಡಿ. ಯಾಕೆ ಬಂತು ಎಂಬ ವಿಚಾರಣೆ ಅವತ್ತು ಬೇಡ.

ಜೊತೆಗಿರುವವರಿಗೆ: ಮುಟ್ಟುವ ಮುಂಚೆ ಕೇಳಿ. ಹಿಂದಿನಿಂದ ಹೆಗಲ ಮೇಲೆ ಕೈ ಇಡಬೇಡಿ.

## ಹಂತ 7: ಮಕ್ಕಳಿಗೆ ರಜೆ ಇರುವ ಮನೆಯಲ್ಲಿ

ದಿನವಿಡೀ ಗಲಾಟೆ, ನಿಮಗೆ ಒಂದು ಗಳಿಗೆಯೂ ಏಕಾಂತವಿಲ್ಲ. ಸಿಟ್ಟು ನೆತ್ತಿಗೇರುವುದು ಗೊತ್ತಾದರೆ "ಅಮ್ಮಂಗೆ ಹತ್ತು ನಿಮಿಷ ಬೇಕು ಪುಟ್ಟಾ" ಎಂದು ಹೇಳಿ, ಮಗು ಸುರಕ್ಷಿತವಾಗಿದೆ ಎಂದು ನೋಡಿ, ಪಕ್ಕದ ಕೋಣೆಗೆ ಹೋಗಿ. ನಿಮಗೆ ಕಿರುಕುಳ ಆದ ವಯಸ್ಸಿಗೇ ನಿಮ್ಮ ಮಗು ಬಂದ ವರ್ಷ ನೆನಪುಗಳು ಜೋರಾಗಬಹುದು. ಅದು ಹುಚ್ಚಲ್ಲ, ಆದರೆ ಚಿಕಿತ್ಸಕರನ್ನು ಕಾಣಬೇಕಾದ ಹೊತ್ತು.

ನಿಮ್ಮನ್ನು ನೋಯಿಸಿದವನಿರುವ ಮನೆಗೆ ಮಗುವನ್ನು ರಜೆಗೆ ಕಳಿಸಬೇಡಿ. "ಈಗ ವಯಸ್ಸಾಗಿದೆ, ಬದಲಾಗಿದ್ದಾನೆ" ಎನ್ನುವುದು ಭರವಸೆಯಲ್ಲ. ಮಗು ಏನಾದರೂ ಹೇಳಿಕೊಂಡರೆ "ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ" ಎನ್ನಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ದೂರು ಕೊಡಲೇಬೇಕು.

## ತಡ ಮಾಡಬಾರದ ಸೂಚನೆಗಳು

ಸಾಯಬೇಕೆಂಬ ಯೋಚನೆ, ಅದಕ್ಕೆ ದಾರಿ ಹುಡುಕುವುದು, ಕೈ ಕೊಯ್ದುಕೊಳ್ಳುವುದು. ಎರಡು ಮೂರು ರಾತ್ರಿ ಪೂರ್ತಿ ನಿದ್ದೆ ಇಲ್ಲದಿರುವುದು. ಗಂಟೆಗಟ್ಟಲೆ ಏನು ಮಾಡಿದೆನೆಂದೇ ನೆನಪಿಲ್ಲದಿರುವುದು. ಕುಡಿತ ಅಥವಾ ನಿದ್ದೆ ಮಾತ್ರೆ ದಿನೇ ದಿನೇ ಏರುವುದು. ಇವುಗಳಲ್ಲಿ ಒಂದಿದ್ದರೂ ಮಳೆಗಾಲ ಬರಲಿ ಎಂದು ಕಾಯಬೇಡಿ.

14416 ದಿನದ 24 ಗಂಟೆಯೂ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈಗಿಂದೀಗಲೇ ಜೀವಕ್ಕೆ ಅಪಾಯ ಎನಿಸಿದರೆ 112. ಮನೆಯಲ್ಲಿ ಕೀಟನಾಶಕದ ಡಬ್ಬಿ, ಉಳಿದ ಮಾತ್ರೆಗಳು ಇದ್ದರೆ ಬೇರೆಯವರ ಕೈಗೆ ಕೊಟ್ಟು ಬೀಗ ಹಾಕಿಸಿ.

ನೇರವಾಗಿ ತೋರಿಸಲು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ ಇವೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ಮೊದಲ ಭೇಟಿಯಲ್ಲಿ ಕಥೆಯನ್ನೆಲ್ಲ ಹೇಳಬೇಕಿಲ್ಲ. "ಚಿಕ್ಕಂದಿನಲ್ಲಿ ತುಂಬಾ ವರ್ಷ ಹಿಂಸೆ ಆಗಿದೆ. ವಿವರ ಈಗ ಬೇಡ. ನಿದ್ದೆ ಇಲ್ಲ, ಹಳೆಯದು ಕಣ್ಣೆದುರು ಬರುತ್ತೆ, ಜನರನ್ನು ನಂಬೋಕಾಗಲ್ಲ." ಇಷ್ಟು ಹೇಳಿದರೆ ಚಿಕಿತ್ಸೆ ಶುರು ಮಾಡಲು ಸಾಕು. ಹಂತ 4ರಲ್ಲಿ ಬರೆದ ಪಟ್ಟಿಯನ್ನೂ ಮಾತ್ರೆಗಳ ಫೋಟೋವನ್ನೂ ತೋರಿಸಿ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನಿಮ್ಮ ಹಕ್ಕು. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ಮಗುವಿಗೆ ಕಿರುಕುಳ ಆಗಿದ್ದಾಗ ಚಿಕಿತ್ಸಕರು ಬೇರೆಯವರಿಗೆ ತಿಳಿಸಬೇಕಾಗಬಹುದು. ಅದನ್ನು ಕೂತ ತಕ್ಷಣವೇ ಕೇಳಿ ತಿಳಿದುಕೊಳ್ಳಿ.